ಆಕಳಿಗೂ ಬಾಣಂತನ ಬೇಕು

ಬೀದರ್‌ನಿಂದ ಭಾಲ್ಕಿಯ ಕಡೆಗೆ ಹೊರಟ ರೈಲು ಹಲಬರ್ಗಾ ನಿಲ್ದಾಣವನ್ನು ಸಮೀಪಿಸುವಾಗ ಕಿಟಕಿಯಾಚೆ ಹೊಲಗಳು ತೆರೆದುಕೊಳ್ಳುತ್ತವೆ. ಕಾಲಕ್ಕೆ ತಕ್ಕಂತೆ ಸೋಯಾ, ತೊಗರಿ, ಜೋಳ. ಬದುವಿನ ಮೇಲೆ ಮೇಯುವ ದನಗಳಲ್ಲಿ ಬಿಳಿಯ ಮೈಯ ಮೇಲೆ ಕಪ್ಪು ಮಚ್ಚೆ ಹೊತ್ತ, ಕಿವಿ ಜೋಲುಬಿಟ್ಟ ಆಕಳೊಂದು ಕಣ್ಣಿಗೆ ಬಿದ್ದರೆ ಅದು ಈ ಸೀಮೆಯ ಹೆಮ್ಮೆಯ ತಳಿ ದೇವಣಿ.

ಇಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಆಕಳು ಈಯುತ್ತದೆ. ಹೆಣ್ಣು ಕರು. ಮನೆಯಲ್ಲಿ ಹಬ್ಬದ ಮೇಲೆ ಹಬ್ಬ. ಓಣಿಗೆಲ್ಲ ಗಿಣ್ಣ ಹಂಚುತ್ತಾರೆ. ಹಾಲು ಡೇರಿಗೆ ಹೋಗುತ್ತದೆ, ಮಕ್ಕಳ ಶಾಲೆಯ ಫೀ, ವಹಿ, ಪೆನ್ನಿಗೆ ದಾರಿಯಾಗುತ್ತದೆ. ಸಂಕ್ರಾಂತಿ ಕಳೆಯುತ್ತದೆ, ಶಿವರಾತ್ರಿ ಕಳೆಯುತ್ತದೆ. ಆಕಳು ಬೆದೆಗೆ ಬಂದಂತೆ ಕಾಣುವುದಿಲ್ಲ. ಬಂದರೂ ಗಬ್ಬ ನಿಲ್ಲುವುದಿಲ್ಲ. ಯುಗಾದಿಯ ಹೊತ್ತಿಗೆ ಹಾಲು ಇಳಿಯುತ್ತದೆ, ಕಣಿಕೆಯ ಬಣವೆಯೂ ಇಳಿಯುತ್ತದೆ. ಆಗ ಮನೆಯ ಮುತ್ಯಾ ಒಂದು ಮಾತು ಆಡುತ್ತಾರೆ: ‘ಇದು ಗೊಡ್ಡ ಆಗ್ಯಾದ, ಸಂತಿಗಿ ಹೊಡೀರಿ.’

ಆಕಳು ನಿಜವಾಗಿಯೂ ಗೊಡ್ಡಾಗಿತ್ತೇ? ಹುಟ್ಟಿನಿಂದಲೇ ಗೊಡ್ಡಾದ ಆಕಳುಗಳು ಬಹಳ ಕಡಿಮೆ. ಒಮ್ಮೆ ಕರು ಹಾಕಿದ ಆಕಳು ಮತ್ತೆ ಗಬ್ಬ ಕಟ್ಟದಿದ್ದರೆ ಅದರ ಕಾರಣವನ್ನು ಬಹಳಷ್ಟು ಸಲ ಕರು ಹಾಕಿದ ಮೊದಲ ಅರುವತ್ತು ದಿನಗಳಲ್ಲೇ ಹುಡುಕಬೇಕಾಗುತ್ತದೆ. ಹಾಲು ಕರೆಯುವ ಸಡಗರದಲ್ಲಿ ಯಾರೂ ಗಮನಿಸದ ದಿನಗಳವು. ಹೆತ್ತ ಮಗಳಿಗೆ ಬಾಣಂತನ ಮಾಡುವ ಮನೆಯೇ ಈದ ಆಕಳಿಗೂ ಬಾಣಂತನವಿದೆ ಎಂಬುದನ್ನು ಮರೆತುಬಿಡುತ್ತದೆ.

ಗಡಿ ದಾಟಿದ ತಳಿ

ದೇವಣಿ ತಳಿಗೆ ಆ ಹೆಸರು ಬಂದದ್ದು ಇಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿರುವ ದೇವಣಿ ಎಂಬ ಊರಿನಿಂದ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೂ ಉದಗೀರ್ ಸೀಮೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇತ್ತು. ಗಡಿಗೆರೆ ಆಮೇಲೆ ಬಂತು. ದನಗಳು ಅದಕ್ಕೂ ಮೊದಲೇ ಇದ್ದವು. ಗುಜರಾತಿನ ಗೀರ್, ಪಶ್ಚಿಮ ಘಟ್ಟದ ಡಾಂಗಿ ಮತ್ತು ಸ್ಥಳೀಯ ದನಗಳು ಬೆರೆತು ಈ ತಳಿ ರೂಪುಗೊಂಡಿತೆಂದು ತಳಿತಜ್ಞರು ಹೇಳುತ್ತಾರೆ. ಇದರಲ್ಲಿ ಮೂರು ಬಗೆ: ಮೈಯೆಲ್ಲ ಬಿಳಿಯಾಗಿ ಮುಖದ ಇಕ್ಕೆಲಗಳಲ್ಲಿ ಕಪ್ಪಿದ್ದರೆ ವನ್ನೇರಾ; ಬಿಳಿ ಮೈಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಿದ್ದರೆ ಬಾಳಂಕ್ಯಾ; ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವೇರಾ.

ದೇವಣಿ ಉಳುಮೆಗೂ ಸೈ, ಹಾಲಿಗೂ ಸೈ. ಹೋರಿಗಳು ಕಪ್ಪುನೆಲದ ಭಾರದ ಕೆಲಸಕ್ಕೆ ಹೆಸರಾದವು. ಈ ತಳಿಯ ರಕ್ಷಣೆಗಾಗಿ ಭಾಲ್ಕಿ ತಾಲೂಕಿನ ಕಟ್ಟಿತೂಗಾಂವದಲ್ಲಿ ಜಾನುವಾರು ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಇದು ಬೀದರ್‌ನ ನಂದಿನಗರದಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಗ. ಆದರೆ ತಳಿ ಉಳಿಯುವುದು ಸಂಶೋಧನಾ ಕೇಂದ್ರದಲ್ಲಿ ಮಾತ್ರವಲ್ಲ, ರೈತನ ಕೊಟ್ಟಿಗೆಯಲ್ಲಿ. ಒಳ್ಳೆಯ ಆಕಳೊಂದು ‘ಗೊಡ್ಡು’ ಎನಿಸಿಕೊಂಡು ಸಂತೆಗೆ ಹೋದರೆ ಒಂದು ಮನೆಯ ಆದಾಯ ಹೋದಂತೆ, ಒಂದು ಸೀಮೆಯ ತಳಿಯ ಒಂದು ಕುಡಿಯೂ ಹೋದಂತೆ.

ವರ್ಷಕ್ಕೊಂದು ಕರು: ಲೆಕ್ಕ ಹೇಗೆ?

ಇಲ್ಲೊಂದು ಸುಲಭದ ಲೆಕ್ಕವಿದೆ. ಆಕಳಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೆ 365 ದಿನ. ವರ್ಷಕ್ಕೊಂದು ಕರು ಬೇಕೆಂದರೆ 365ರಲ್ಲಿ 280 ಕಳೆಯಬೇಕು, ಉಳಿಯುವುದು 85. ಅಂದರೆ ಈದ 85 ದಿನಗಳ ಒಳಗೆ ಆಕಳು ಮತ್ತೆ ಗಬ್ಬ ಕಟ್ಟಬೇಕು. ಎಮ್ಮೆಯ ಗರ್ಭಾವಧಿ ಸುಮಾರು 310 ದಿನ. ಅದಕ್ಕೆ ಉಳಿಯುವುದು ಇನ್ನೂ ಕಡಿಮೆ. ನಾಟಿ ತಳಿಗಳಲ್ಲಿ ಎರಡು ಕರುಗಳ ನಡುವೆ ಹದಿನಾಲ್ಕು-ಹದಿನೈದು ತಿಂಗಳು ಹಿಡಿಯುವುದು ಸಾಮಾನ್ಯ. ಆದ್ದರಿಂದ ವರ್ಷಕ್ಕೊಂದು ಕರು ಎಂಬುದನ್ನು ಕಡ್ಡಾಯವೆಂದು ತಿಳಿಯದೆ ಗುರಿಯೆಂದು ತಿಳಿದರೆ ಸಾಕು.

ಹಾಗಾದರೆ ಈದ ಇಪ್ಪತ್ತನೆಯ ದಿನಕ್ಕೇ ಆಕಳು ಬೆದೆಗೆ ಬಂದರೆ ಕೂಡಲೇ ಹೋರಿ ಕೊಡಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕೊಡಿಸಬಾರದು. ಗರ್ಭಕೋಶ ಆಗಿನ್ನೂ ಸಿದ್ಧವಾಗಿರುವುದಿಲ್ಲ. ಪಶುವೈದ್ಯರು ಸಾಮಾನ್ಯವಾಗಿ 45ರಿಂದ 60 ದಿನ ಕಾಯಲು ಹೇಳುತ್ತಾರೆ. ದೀಪಾವಳಿ ಅಮಾವಾಸ್ಯೆಗೆ ಈದ ಆಕಳಿಗೆ ಈ ಗಡುವು ಯಾವಾಗ ಮುಗಿಯುತ್ತದೆ? ಎರಡು ಚಾಂದ್ರಮಾಸಗಳೆಂದರೆ 59 ದಿನ. ದೀಪಾವಳಿಯಿಂದ ಎರಡನೆಯ ಅಮಾವಾಸ್ಯೆಯೇ ಎಳ್ಳಮಾವಾಸ್ಯೆ. ಬೀದರ್ ಸೀಮೆಯ ಜನ ಸಜ್ಜೆ ಕಡುಬು, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನಕ್ಕೆ ಆಕಳಿನ ಬಾಣಂತನವೂ ಮುಗಿದಿರುತ್ತದೆ. ಅಲ್ಲಿಂದ ಮುಂದಿನ ಅಮಾವಾಸ್ಯೆ ಬರುವುದರೊಳಗೆ ಗಬ್ಬ ನಿಂತರೆ ವರ್ಷದ ಲೆಕ್ಕ ಸರಿಹೋಯಿತು. ಹಾಗಾದರೆ ಈ ಅರುವತ್ತು ದಿನ ಆಕಳಿನ ಒಡಲಲ್ಲಿ ನಡೆಯುವುದಾದರೂ ಏನು?

ಒಂಬತ್ತು ಕಿಲೋದಿಂದ ಒಂದು ಕಿಲೋಗೆ

ಈದ ದಿನ ದೊಡ್ಡ ಹೈನು ಆಕಳಿನ ಗರ್ಭಕೋಶ ಸುಮಾರು ಒಂಬತ್ತು ಕಿಲೋ ತೂಗುತ್ತದೆ, ಒಂದು ಮೀಟರಿನಷ್ಟು ಉದ್ದವಿರುತ್ತದೆ. ಸಣ್ಣ ಮೈಯ ನಾಟಿ ಆಕಳಲ್ಲಿ ಇದು ಇನ್ನಷ್ಟು ಕಡಿಮೆ. ತಿಂಗಳು ಕಳೆಯುವಷ್ಟರಲ್ಲಿ ಅದು ಒಂದು ಕಿಲೋ ಅಥವಾ ಅದಕ್ಕೂ ಕಡಿಮೆ ತೂಕಕ್ಕೆ ಇಳಿಯುತ್ತದೆ. ಮೊದಲ ಐದು ದಿನಗಳಲ್ಲಿ ಅದರ ಅಡ್ಡಳತೆ ಅರ್ಧವಾಗುತ್ತದೆ. ಒಂದು ವಾರದಲ್ಲಿ ತೂಕ ಅರ್ಧವಾಗುತ್ತದೆ. ಎರಡು ವಾರಗಳಲ್ಲಿ ಉದ್ದ ಅರ್ಧವಾಗುತ್ತದೆ. ದೇಹದ ಇನ್ನಾವ ಅಂಗವೂ ಇಷ್ಟು ಬೇಗ ಇಷ್ಟು ಕುಗ್ಗುವುದು ಅಪರೂಪ.

ಈ ಅವಧಿಯಲ್ಲಿ ಮೂರು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ.

ಮೊದಲನೆಯದು ಸಂಕೋಚನ. ಗರ್ಭಕೋಶದ ಗೋಡೆಯಲ್ಲಿ ಸ್ನಾಯುಗಳಿವೆ. ಅವು ಮತ್ತೆ ಮತ್ತೆ ಹಿಂಡಿಕೊಂಡು ಒಳಗಿನದನ್ನು ಹೊರಹಾಕುತ್ತವೆ. ಇದಕ್ಕೆ ಎರಡು ರಾಸಾಯನಿಕಗಳು ನೆರವಾಗುತ್ತವೆ. ಒಂದು, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹೊರಬರುವ ಆಕ್ಸಿಟೋಸಿನ್. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ತೋರಿಸಿದರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ದು ವಿಗ್ನೋ ಈ ಹಾರ್ಮೋನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಇನ್ನೊಂದು, ಗರ್ಭಕೋಶವೇ ತಯಾರಿಸುವ ಪ್ರೊಸ್ಟಗ್ಲಾಂಡಿನ್. ಈದ ನಂತರದ ಎರಡು ಮೂರು ವಾರ ಇದು ರಕ್ತದಲ್ಲಿ ಹೇರಳವಾಗಿರುತ್ತದೆ.

ಎರಡನೆಯದು ಕಳಚುವಿಕೆ. ಆಕಳಿನ ಗರ್ಭಕೋಶದ ಒಳಗೋಡೆಯ ಮೇಲೆ ಗುಂಡಿಗಳಂಥ ಗಂಟುಗಳಿರುತ್ತವೆ, ಸುಮಾರು 70ರಿಂದ 120. ಕರುವಿನ ಹೊದಿಕೆಯಾದ ಮಾಸು ಈ ಗಂಟುಗಳಿಗೆ ಅಂಗಿಯ ಕಾಜ ಗುಂಡಿಗೆ ಸಿಕ್ಕಿಕೊಂಡಂತೆ ಅಂಟಿಕೊಂಡಿರುತ್ತದೆ. ತಾಯಿಯಿಂದ ಕರುವಿಗೆ ಆಹಾರ, ಆಮ್ಲಜನಕ ಹೋಗುವುದು ಇಲ್ಲಿಂದಲೇ. ಈದ ಮೇಲೆ ಮಾಸು ಬೀಳುತ್ತದೆ; ಗಂಟುಗಳ ಮೇಲ್ಪದರವೂ ಸತ್ತು ಹನ್ನೆರಡು ದಿನಗಳ ಸುಮಾರಿಗೆ ಕಳಚಿ ಸ್ರಾವದೊಂದಿಗೆ ಹೊರಹೋಗುತ್ತದೆ.

ಮೂರನೆಯದು ದುರಸ್ತಿ. ಕಳಚಿದ ಜಾಗ ಹಸಿ ಗಾಯವಿದ್ದಂತೆ. ಅದರ ಮೇಲೆ ಹೊಸ ಚರ್ಮ ಬೆಳೆಯಲು ಸುಮಾರು 25 ದಿನ ಬೇಕು. ಆಳದ ಪದರಗಳು ಸರಿಹೋಗಲು ಆರರಿಂದ ಎಂಟು ವಾರ ಬೇಕು. ಹೊಸ ಭ್ರೂಣ ಬಂದು ನೆಲೆಸಬೇಕಾದದ್ದು ಇದೇ ಗೋಡೆಯ ಮೇಲೆ. ಉತ್ತು ಹದಮಾಡದ ನೆಲದಲ್ಲಿ ಬೀಜ ಬಿತ್ತಿದರೆ ಏನಾಗುವುದೆಂದು ಒಕ್ಕಲು ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಯಬೇಕೆನ್ನುವುದು ಇದಕ್ಕೇ.

ಈಯುವಾಗ ಗರ್ಭಕೋಶದ ಬಾಯಿ ಅಗಲವಾಗಿ ತೆರೆದಿರುವುದರಿಂದ ಕೊಟ್ಟಿಗೆಯ ಸಗಣಿ, ಮಣ್ಣು, ಕೊಳಕು ಕೈಗಳಿಂದ ರೋಗಾಣುಗಳು ಒಳಸೇರುತ್ತವೆ. ಮೊದಲ ಎರಡು ವಾರ ಬಹುತೇಕ ಎಲ್ಲ ಆಕಳುಗಳ ಗರ್ಭಕೋಶದಲ್ಲೂ ರೋಗಾಣುಗಳಿರುತ್ತವೆ ಎಂಬುದು ಸಂಶೋಧಕರು ಕಂಡುಕೊಂಡ ಸಂಗತಿ. ಹಾಗಿದ್ದರೂ ಹೆಚ್ಚಿನವು ಔಷಧವಿಲ್ಲದೆ ತಾವೇ ಗುಣವಾಗುತ್ತವೆ. ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗುತ್ತವೆ, ಸ್ನಾಯುಗಳು ಕೊಳೆಯನ್ನು ಹೊರದೂಡುತ್ತವೆ. ಈ ಹೋರಾಟದಲ್ಲಿ ಸೋತ ಆಕಳಿಗೆ ಮಾತ್ರ ಕಾಯಿಲೆ. ಗೆಲ್ಲುವುದೋ ಸೋಲುವುದೋ ಎಂಬುದು ಆಕಳಿನ ಮೈಯಲ್ಲಿರುವ ಕಸುವು ಮತ್ತು ಕೊಟ್ಟಿಗೆಯ ಶುಚಿತ್ವವನ್ನು ಅವಲಂಬಿಸಿದೆ.

ಮಾಸು ಬೀಳದಿದ್ದರೆ

ಮಾಸನ್ನು ಕೆಲವೆಡೆ ಕಸ ಎಂದೂ ಸತ್ತೆ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಈದ ಆರರಿಂದ ಎಂಟು ಗಂಟೆಗಳಲ್ಲಿ ಅದು ಬೀಳುತ್ತದೆ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ಪಶುವೈದ್ಯರಿಗೆ ತಿಳಿಸಬೇಕು. ಇಲ್ಲಿ ಹಳ್ಳಿಗಳಲ್ಲಿ ಎರಡು ತಪ್ಪುಗಳು ಇಂದಿಗೂ ಕಾಣುತ್ತವೆ.

ಒಂದು, ಜೋತುಬಿದ್ದ ಮಾಸಿಗೆ ಕಲ್ಲೋ ಹಳೆಯ ಚಪ್ಪಲಿಯೋ ಕಟ್ಟುವುದು, ಅಥವಾ ಕೈಹಾಕಿ ಎಳೆಯುವುದು. ಗುಂಡಿ ಬಿಚ್ಚದೆ ಅಂಗಿ ಎಳೆದರೆ ಗುಂಡಿಯೇ ಕಿತ್ತು ಬರುವುದಿಲ್ಲವೇ? ಹಾಗೆಯೇ ಒಳಗಿನ ಗಂಟುಗಳು ಹರಿದು ರಕ್ತ ಸೋರುತ್ತದೆ, ತುಂಡುಗಳು ಒಳಗೇ ಉಳಿದು ಕೊಳೆಯುತ್ತವೆ. ಗುಂಡಿ ಬಿಚ್ಚುವ ಕೆಲಸವನ್ನು ಮಾಡುವುದು ಆಕಳಿನ ರೋಗನಿರೋಧಕ ಶಕ್ತಿಯೇ. ಕರು ಹುಟ್ಟುವ ಹೊತ್ತಿಗೆ ಬಿಳಿಕಣಗಳು ಮಾಸನ್ನು ಪರಕೀಯವೆಂದು ಗುರುತಿಸಿ ಅಂಟನ್ನು ಸಡಿಲಿಸುತ್ತವೆ. ಈ ಶಕ್ತಿ ಕುಂದಿದ ಆಕಳಲ್ಲಿ ಮಾಸು ನಿಲ್ಲುತ್ತದೆ. ವಿಟಮಿನ್ ಇ, ಸೆಲೆನಿಯಂ, ಕ್ಯಾಲ್ಸಿಯಂ ಕೊರತೆ, ಅವಳಿ ಕರು, ಕಷ್ಟದ ಹೆರಿಗೆ, ಗರ್ಭಪಾತ ಇವೆಲ್ಲ ಕಾರಣಗಳಾಗಬಹುದು. ಜೋತುಬಿದ್ದ ಭಾಗ ನೆಲಕ್ಕೆ ತಾಗುತ್ತಿದ್ದರೆ ಕೆಳಗಿನಷ್ಟನ್ನು ಮಾತ್ರ ಕತ್ತರಿಸಬಹುದು. ಉಳಿದದ್ದು ವೈದ್ಯರ ಕೆಲಸ.

ಎರಡು, ಮಾಸು ಬೀಳುವ ತನಕ ಕರುವಿಗೆ ಗಿಣ್ಣ ಕುಡಿಸದೆ ಇರುವುದು. ಗಿಣ್ಣ ಕುಡಿದರೆ ಮಾಸು ನಿಲ್ಲುತ್ತದೆ ಎಂಬ ನಂಬಿಕೆ ಅನೇಕ ಕಡೆ ಇದೆ. ವಾಸ್ತವ ಇದಕ್ಕೆ ತೀರಾ ವಿರುದ್ಧ. ಕರು ಕೆಚ್ಚಲಿಗೆ ಬಾಯಿಟ್ಟಾಗ ನರಗಳ ಮೂಲಕ ಸುದ್ದಿ ಮೆದುಳಿಗೆ ಮುಟ್ಟಿ ಆಕ್ಸಿಟೋಸಿನ್ ಸುರಿಯುತ್ತದೆ. ಅದು ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಇನ್ನು ಕರುವಿನ ಮಾತು. ತಾಯಿಯ ಹೊಟ್ಟೆಯಲ್ಲಿದ್ದಾಗ ಕರುವಿಗೆ ರೋಗನಿರೋಧಕ ಕಣಗಳು ದೊರೆಯುವುದಿಲ್ಲ. ಎಲ್ಲ ಗಿಣ್ಣದಿಂದಲೇ ಬರಬೇಕು. ಅವನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಗಂಟೆ ಗಂಟೆಗೂ ಕುಗ್ಗುತ್ತ ಒಂದು ದಿನದಲ್ಲಿ ಮುಗಿದುಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಗಳಲ್ಲಿ ಗಿಣ್ಣ ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಗಿಣ್ಣ ಅದರ ಹೊಟ್ಟೆ ಸೇರಬೇಕು. ಇದರಿಂದ ತಾಯಿಗೂ ಲಾಭ, ಕರುವಿಗೂ ಲಾಭ.

ಹಾಲು ಇಳಿಸಲೆಂದು ದಿನವೂ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವ ಕೆಟ್ಟ ಚಾಳಿ ಬೇರೆಯೇ ವಿಷಯ. ವೈದ್ಯರ ಕೈಯಲ್ಲಿ ಅದು ಔಷಧ. ಉಳಿದವರ ಕೈಯಲ್ಲಿ ಅದು ಆಕಳಿಗೆ ಹಿಂಸೆ.

ಗರ್ಭಪಾತವಾದ ಆಕಳಿನ ವಿಷಯದಲ್ಲಿ ಮನೆಮಂದಿ ಇನ್ನೂ ಎಚ್ಚರವಾಗಿರಬೇಕು. ಬ್ರುಸೆಲ್ಲೋಸಿಸ್ ಎಂಬ ರೋಗದಿಂದ ಗರ್ಭದ ಕೊನೆಯ ತಿಂಗಳುಗಳಲ್ಲಿ ಕರು ಬೀಳುವುದುಂಟು. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ. ಬಿದ್ದ ಕರುವನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟಬಾರದು. ನಾಯಿಗಳಿಗೆ ಸಿಗದಂತೆ ಆಳವಾಗಿ ಹೂಳಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆಗೆ ಈ ರೋಗವನ್ನೂ ಸೇರಿಸಲಾಯಿತು.

ಸ್ರಾವ ಹೇಳುವ ಸುದ್ದಿ

ಗರ್ಭಕೋಶದೊಳಗೆ ಇಣುಕಿ ನೋಡಲು ರೈತನಿಗೆ ಯಂತ್ರವಿಲ್ಲ. ಆದರೆ ಬಾಲದ ಬುಡವೇ ಅವನ ಕಿಟಕಿ. ಈದ ಮೊದಲ ಕೆಲವು ದಿನ ಕೆಂಪು ಅಥವಾ ಕಂದು ಬಣ್ಣದ ಸ್ರಾವ ಬರುತ್ತದೆ. ಅದಕ್ಕೆ ಕೊಳೆತ ವಾಸನೆ ಇರುವುದಿಲ್ಲ. ದಿನ ಕಳೆದಂತೆ ಅದು ಗಟ್ಟಿಯಾಗಿ, ತಿಳಿಯಾಗಿ, ಎರಡು ವಾರ ಕಳೆದು ಒಂದೆರಡು ದಿನಗಳಲ್ಲಿ ನಿಲ್ಲುತ್ತದೆ. ಇದು ಸಹಜ, ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಯಾವಾಗ? ಮೊದಲ ಹತ್ತು ಹನ್ನೆರಡು ದಿನಗಳಲ್ಲಿ ನೀರಿನಂಥ, ಕೆಂಪುಮಿಶ್ರಿತ ಕಂದು ಬಣ್ಣದ, ಮೂಗು ಮುಚ್ಚಿಕೊಳ್ಳುವಷ್ಟು ನಾರುವ ಸ್ರಾವ ಬಂದರೆ, ಆಕಳು ಮೇವು ಬಿಟ್ಟು ಮಂಕಾದರೆ, ಹಾಲು ಒಮ್ಮೆಲೇ ಇಳಿದರೆ, ಅದು ಗರ್ಭಕೋಶದ ಉರಿಯೂತ. ಆಕಳಿನ ಸಹಜ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಜ್ವರ. ತಡಮಾಡಿದರೆ ನಂಜು ರಕ್ತಕ್ಕೇರಿ ಆಕಳಿನ ಜೀವಕ್ಕೇ ಅಪಾಯ.

ಮೂರು ವಾರ ಕಳೆದ ಮೇಲೂ ಸ್ರಾವದಲ್ಲಿ ಕೀವು ಕಂಡರೆ ಅದು ಇನ್ನೊಂದು ಬಗೆಯ ತೊಂದರೆ. ಇದರಲ್ಲಿ ಜ್ವರವಿಲ್ಲ, ಆಕಳು ಮೇಯುತ್ತದೆ, ಹಾಲು ಕೊಡುತ್ತದೆ. ಹೀಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಒಳಗಿನ ಪದರ ಮಾಯದೆ ಉಳಿದಿರುತ್ತದೆ. ಹೋರಿ ಕೊಟ್ಟರೂ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದು. ಮೂರು ಸಲ, ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಮುತ್ಯಾನ ಬಾಯಲ್ಲಿ ಆ ಮಾತು ಬರುತ್ತದೆ: ಗೊಡ್ಡು. ನಿಜಕ್ಕೂ ಅದು ಗೊಡ್ಡಲ್ಲ, ಗುಣವಾಗದ ಗಾಯ. ಅದಕ್ಕೆ ಚಿಕಿತ್ಸೆ ಇದೆ.

ಹಾಲು ಮೊದಲು, ಗರ್ಭ ಆಮೇಲೆ

ಗರ್ಭಕೋಶ ಗುಣವಾದರಷ್ಟೇ ಸಾಲದು, ಅಂಡಾಶಯವೂ ಎಚ್ಚರಗೊಳ್ಳಬೇಕು. ಇಲ್ಲಿ ಹೊಟ್ಟೆಯ ಲೆಕ್ಕ ಬರುತ್ತದೆ. ಈದ ನಾಲ್ಕರಿಂದ ಎಂಟು ವಾರಗಳಲ್ಲಿ ಹಾಲು ಶಿಖರ ಮುಟ್ಟುತ್ತದೆ. ಆದರೆ ಮೇವು ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಬರುವ ಆದಾಯಕ್ಕಿಂತ ಖರ್ಚು ಹೆಚ್ಚಾದಾಗ ಕೂಡಿಟ್ಟ ಗಂಟಿಗೆ ಕೈಹಾಕಬೇಕಾಗುತ್ತದೆ. ಆಕಳಿನ ಕೂಡಿಟ್ಟ ಗಂಟೆಂದರೆ ಮೈಮೇಲಿನ ಕೊಬ್ಬು. ಈದ ಆಕಳು ಕೆಲವೇ ವಾರಗಳಲ್ಲಿ ಸೊರಗುವುದು ಇದಕ್ಕೇ.

ಪ್ರಕೃತಿಯ ನ್ಯಾಯ ಸರಳವಾಗಿದೆ. ಇರುವ ಕರುವಿಗೆ ಹಾಲು ಮೊದಲು, ಇನ್ನೂ ಹುಟ್ಟದ ಕರು ಆಮೇಲೆ. ಕೊಬ್ಬು ಕರಗುತ್ತಿರುವಾಗ ಅಂಡಾಶಯವನ್ನು ನಡೆಸುವ ಹಾರ್ಮೋನುಗಳು ತಗ್ಗುತ್ತವೆ. ಬೆದೆ ಮುಂದೆ ಹೋಗುತ್ತದೆ. ಚೆನ್ನಾಗಿ ಮೇಯುವ ಹೈನು ಆಕಳಲ್ಲಿ ಮೊದಲ ಅಂಡಾಣು ಮೂರು ವಾರಗಳ ಸುಮಾರಿಗೇ ಬಿಡುಗಡೆಯಾಗಬಹುದು. ಒಣ ಕಣಿಕೆ, ಹೊಟ್ಟನ್ನಷ್ಟೇ ತಿಂದು ದಿನವಿಡೀ ಕರುವಿಗೆ ಮೊಲೆಯೂಡಿಸುವ ನಾಟಿ ಆಕಳಲ್ಲಿ ಇದು ತಿಂಗಳುಗಟ್ಟಲೆ ತಡವಾಗಬಹುದು.

ಆದ್ದರಿಂದ ಬಾಣಂತನದ ಸಿದ್ಧತೆ ಈಯುವುದಕ್ಕೆ ಎರಡು ತಿಂಗಳು ಮೊದಲೇ ಆರಂಭವಾಗಬೇಕು. ಆ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ವಿಶ್ರಾಂತಿ ಕೊಡಬೇಕು. ಕಣಿಕೆಯ ಜೊತೆಗೆ ಒಂದಿಷ್ಟು ಹಸಿರು ಮೇವು, ಹಿಂಡಿ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಸಿಗಬೇಕು. ಆಕಳು ಸೊರಗಿರಲೂ ಬಾರದು, ಕೊಬ್ಬಿರಲೂ ಬಾರದು. ಅತಿಯಾಗಿ ಕೊಬ್ಬಿದ ಆಕಳು ಈದ ಮೇಲೆ ಮೇವು ಬಿಟ್ಟು ಇನ್ನೂ ಬೇಗ ಇಳಿಯುತ್ತದೆ. ಈದ ಮೇಲೆ ಹಿಂಡಿಯನ್ನು ಒಮ್ಮೆಲೇ ಸುರಿಯದೆ ದಿನದಿಂದ ದಿನಕ್ಕೆ ಏರಿಸಬೇಕು.

ಇಪ್ಪತ್ತೊಂದು ದಿನಗಳ ಗಡಿಯಾರ

ಅಂಡಾಶಯ ಎಚ್ಚೆತ್ತ ಮೇಲೆ ಆಕಳು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. 18ರಿಂದ 24 ದಿನಗಳೊಳಗೆ ಬಂದರೂ ಸಹಜವೇ. ಬೆದೆ ಇರುವುದು ಒಂದು ದಿನಕ್ಕಿಂತ ಕಡಿಮೆ, ಸಾಮಾನ್ಯವಾಗಿ 12ರಿಂದ 18 ಗಂಟೆ. ಅಂಡಾಣು ಹೊರಬರುವುದು ಬೆದೆ ಮುಗಿದ ಸುಮಾರು 10ರಿಂದ 12 ಗಂಟೆಗಳ ಮೇಲೆ.

ಬೆದೆಯ ಲಕ್ಷಣಗಳನ್ನು ಹಳ್ಳಿಯ ಮಕ್ಕಳೂ ಬಲ್ಲರು: ಒದರುವುದು, ನಿಂತಲ್ಲಿ ನಿಲ್ಲದಿರುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ಬೇರೆ ದನ ಮೈಮೇಲೆ ಹತ್ತಿದರೆ ಸುಮ್ಮನೆ ನಿಲ್ಲುವುದು, ಮೊಟ್ಟೆಯ ಬಿಳಿಲೋಳೆಯಂತೆ ತಿಳಿಯಾದ ಲೋಳೆ ಜೋಲುವುದು. ಆ ಲೋಳೆ ಗಾಜಿನಂತೆ ತಿಳಿಯಾಗಿದ್ದರೆ ಗರ್ಭಕೋಶ ಗುಣವಾಗಿದೆ ಎಂಬುದಕ್ಕೆ ಒಳ್ಳೆಯ ಗುರುತು. ಅದರಲ್ಲಿ ಬಿಳಿ ಎಳೆಗಳೋ ಕೀವಿನ ಚೂರುಗಳೋ ಕಂಡರೆ ಮೊದಲು ಚಿಕಿತ್ಸೆ, ಆಮೇಲೆ ಗರ್ಭಧಾರಣೆ. ದೇವಣಿಯಂಥ ನಾಟಿ ಆಕಳುಗಳಲ್ಲಿ, ಎಮ್ಮೆಗಳಲ್ಲಿ ಬೆದೆ ಮೂಕವಾಗಿರುವುದುಂಟು. ಒದರುವುದಿಲ್ಲ, ಲೋಳೆಯೂ ಅಲ್ಪ. ಬೆಳಿಗ್ಗೆ ಸಂಜೆ ಇಪ್ಪತ್ತು ನಿಮಿಷ ಕೊಟ್ಟಿಗೆಯಲ್ಲಿ ಕಣ್ಣಿಟ್ಟು ನಿಂತವರಿಗೆ ಮಾತ್ರ ಅದು ತಿಳಿಯುತ್ತದೆ.

ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಇದು 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಎಂಬ ವಿಜ್ಞಾನಿ ಪ್ರಯೋಗ ನಡೆಸಿ ಕಂಡುಕೊಂಡ ಸೂತ್ರ. ಇಂದಿಗೂ ಪಶು ಆಸ್ಪತ್ರೆಗಳಲ್ಲಿ ಹೇಳುವುದು ಇದನ್ನೇ.

ಒಂದು ಬೆದೆ ತಪ್ಪಿದರೆ 21 ದಿನ ನಷ್ಟ. ಮೂರು ತಪ್ಪಿದರೆ 63 ದಿನ. ನಷ್ಟ ದಿನಗಳಿಗಷ್ಟೇ ನಿಲ್ಲುವುದಿಲ್ಲ. ದೀಪಾವಳಿಗೆ ಈದ ಆಕಳು ಎಳ್ಳಮಾವಾಸ್ಯೆಯ ನಂತರದ ಎರಡು ಮೂರು ಬೆದೆಗಳನ್ನು ಕಳೆದುಕೊಂಡರೆ ಬೇಸಿಗೆ ಬಂದುಬಿಡುತ್ತದೆ. ಬಿಸಿಲಿನಲ್ಲಿ ಹಸಿರು ಮೇವಿಲ್ಲ, ಮೈಬಿಸಿ ಏರುತ್ತದೆ, ಬೆದೆ ಮಂಕಾಗುತ್ತದೆ, ಕಟ್ಟಿದ ಗಬ್ಬವೂ ಮೊದಲ ದಿನಗಳಲ್ಲೇ ಕರಗಬಹುದು. ಚಳಿಗಾಲದ ಒಂದು ಅಜಾಗರೂಕತೆ ಮಳೆಗಾಲದ ತನಕ ಕಾಡುತ್ತದೆ.

ಮೈಸೂರಿನಲ್ಲಿ ಇಟ್ಟ ಮೊದಲ ಹೆಜ್ಜೆ

ಇಂದು ಹಳ್ಳಿಹಳ್ಳಿಯಲ್ಲಿ ‘ಸೂಜಿ ಹಾಕಿಸುವುದು’ ಎನ್ನುವ ಕೃತಕ ಗರ್ಭಧಾರಣೆ ಭಾರತದಲ್ಲಿ ಮೊದಲು ಯಶಸ್ವಿಯಾದದ್ದು ಕರ್ನಾಟಕದಲ್ಲೇ. 1939ರಲ್ಲಿ ಮೈಸೂರು ಅರಮನೆಯ ಹೈನು ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹೋಲ್ಸ್ಟೀನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಆಕಳುಗಳು ಗಬ್ಬ ಕಟ್ಟುವಂತೆ ಮಾಡಿದರು. ಹತ್ತು ವರ್ಷಗಳ ನಂತರ, 1949ರಲ್ಲಿ, ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹಿಮದಲ್ಲೂ ಸಾಯುವುದಿಲ್ಲವೆಂದು ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಕಂಡುಹಿಡಿದರು. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಟ್ಟ ವೀರ್ಯನಳಿಕೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರಗಳು ಈ ಕೆಲಸಕ್ಕೆ ಹೆಸರಾಗಿವೆ. ಒಳ್ಳೆಯ ದೇವಣಿ ಹೋರಿ ಊರಿನಲ್ಲಿಲ್ಲ ಎಂಬ ಕೊರತೆ ಇದರಿಂದ ನೀಗಬಹುದು.

ಆದರೆ ವಿಜ್ಞಾನ ಎಷ್ಟೇ ಮುಂದುವರಿದರೂ ಅದರ ಕೊನೆಯ ಹೆಜ್ಜೆ ಕೊಟ್ಟಿಗೆಯಲ್ಲೇ. ಎಂಥ ಉತ್ತಮ ಹೋರಿಯ ವೀರ್ಯವಾದರೂ ಮಾಯದ ಗರ್ಭಕೋಶದಲ್ಲಿ ನಿಷ್ಫಲ. ಬೆದೆ ತಪ್ಪಿದ ದಿನ ವ್ಯರ್ಥ.

ವಹಿಯ ಒಂದು ಹಾಳೆ

ಇಷ್ಟೆಲ್ಲ ಮಾಡಲು ದೊಡ್ಡ ಖರ್ಚಿಲ್ಲ. ಬೇಕಾದದ್ದು ಶಾಲೆಯ ವಹಿಯ ಒಂದು ಹಾಳೆ ಮತ್ತು ಅದನ್ನು ತುಂಬುವ ಒಂದು ಕೈ. ಆ ಕೈ ಎಂಟನೆಯ ತರಗತಿಯ ಮಗಳದ್ದೋ ಮಗನದ್ದೋ ಆಗಿದ್ದರೆ ಇನ್ನೂ ಒಳ್ಳೆಯದು. ಹಾಳೆಯಲ್ಲಿ ಬರೆಯಬೇಕಾದದ್ದು ಇಷ್ಟೇ: ಈದ ದಿನ ಮತ್ತು ಗಂಟೆ, ಮಾಸು ಬಿದ್ದ ಗಂಟೆ, ವಾರಕ್ಕೊಮ್ಮೆ ಸ್ರಾವದ ಬಣ್ಣ ಮತ್ತು ವಾಸನೆ, ಮೊದಲ ಬೆದೆಯ ದಿನ, ಅದು ಬಳಸದೆ ಬಿಟ್ಟದ್ದಾದರೂ ಸರಿ, ನಂತರದ ಪ್ರತಿ ಬೆದೆ, ಗರ್ಭಧಾರಣೆ ಮಾಡಿಸಿದ ದಿನ. ಮೊದಲ ಬೆದೆಯ ದಿನಕ್ಕೆ 21 ಕೂಡಿಸಿದರೆ ಮುಂದಿನ ಬೆದೆ ಯಾವಾಗ ಎಂದು ಮೊದಲೇ ತಿಳಿಯುತ್ತದೆ. ಗರ್ಭಧಾರಣೆಯಾದ 18ರಿಂದ 24ನೆಯ ದಿನಗಳಲ್ಲಿ ಮತ್ತೆ ಬೆದೆ ಕಾಣದಿದ್ದರೆ ಅದು ಶುಭಸೂಚನೆ. ಆದರೂ ಎರಡು ಮೂರು ತಿಂಗಳಿಗೆ ವೈದ್ಯರಿಂದ ಪರೀಕ್ಷೆ ಮಾಡಿಸಲೇಬೇಕು.

ಈ ಹಾಳೆಯನ್ನು ಹಿಡಿದು ಪಶು ಆಸ್ಪತ್ರೆಗೆ ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಆಸ್ಪತ್ರೆ ದೂರವಿದ್ದರೆ 1962 ಸಂಖ್ಯೆಗೆ ಕರೆಮಾಡಿ ಪಶು ಚಿಕಿತ್ಸಾ ವಾಹನವನ್ನು ಕರೆಸಬಹುದು. ಈದ ಆಕಳನ್ನು ಮೂವತ್ತರಿಂದ ನಲವತ್ತು ದಿನಗಳ ನಡುವೆ ಒಮ್ಮೆ ತೋರಿಸಿ ಗರ್ಭಕೋಶ ಸರಿಯಾಗಿ ಕುಗ್ಗಿದೆಯೇ ಎಂದು ಕೇಳುವುದು ಎಲ್ಲಕ್ಕಿಂತ ಜಾಣತನ. ತೊಂದರೆ ಇದ್ದರೆ ಗುಣಪಡಿಸಲು ಆಗ ಇನ್ನೂ ಸಮಯವಿರುತ್ತದೆ.

ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ಪಠ್ಯಪುಸ್ತಕದಲ್ಲಿ ಹಾರ್ಮೋನು, ಅಂಡಾಶಯ, ಗರ್ಭಕೋಶ, ರೋಗನಿರೋಧಕ ಶಕ್ತಿ ಎಂಬ ಪದಗಳನ್ನು ಬಾಯಿಪಾಠ ಮಾಡುವ ಮಗು ಅದೇ ಪದಗಳು ತನ್ನ ಮನೆಯ ಹಿತ್ತಲಲ್ಲಿ ಜೀವಂತವಾಗಿ ಕೆಲಸ ಮಾಡುವುದನ್ನು ಕಾಣುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಐದೂವರೆ ವರ್ಷದ ಪಶುವೈದ್ಯಕೀಯ ಪದವಿಯ ದಾರಿಯೂ ತೆರೆದಿದೆ. ಅದನ್ನು ಕಲಿಸುವ ಕಾಲೇಜು ಬೀದರ್‌ನಲ್ಲೇ ಇದೆ. ಮಗಳು ಸಗಣಿ ಬಳಿಯುವುದರ ಜೊತೆಗೆ ಹಾಳೆಯನ್ನೂ ತುಂಬುತ್ತಿದ್ದರೆ ತಂದೆತಾಯಿ ಅದನ್ನು ಆಟವೆಂದು ತಳ್ಳಿಹಾಕಬಾರದು.

ಮತ್ತೆ ಆ ಮನೆಯ ಕಡೆಗೆ ಬನ್ನಿ. ಈ ಸಲ ದೀಪಾವಳಿಯ ರಾತ್ರಿ ಈದ ಆಕಳಿಗೆ ಒಣ ಹುಲ್ಲಿನ ಹಾಸಿಗೆ ಹಾಕಿದ್ದಾರೆ. ಕರು ಒಂದು ಗಂಟೆಯೊಳಗೆ ಗಿಣ್ಣ ಕುಡಿದಿದೆ. ಬೆಳಗಾಗುವ ಮೊದಲೇ ಮಾಸು ಬಿದ್ದಿದೆ. ಗೋಡೆಯ ಮೇಲಿನ ಪಂಚಾಂಗದ ಪಕ್ಕದಲ್ಲಿ ವಹಿಯ ಹಾಳೆಯೊಂದು ಅಂಟಿಕೊಂಡಿದೆ. ಎಳ್ಳಮಾವಾಸ್ಯೆ ಕಳೆದ ಒಂದು ವಾರಕ್ಕೆ ಮುಂಜಾನೆ ಆಕಳು ಒದರುತ್ತದೆ, ಲೋಳೆ ಗಾಜಿನಂತಿದೆ. ಮಗಳು ಹಾಳೆ ನೋಡುತ್ತಾಳೆ: 66ನೆಯ ದಿನ. ‘ಮುತ್ಯಾ, ಇವತ್ತ ಸಂಜಿಗಿ ಡಾಕ್ಟರ್‌ಗ ಕರಸಬೇಕು’ ಎನ್ನುತ್ತಾಳೆ. ಅಧಿಕ ಮಾಸವಿಲ್ಲದ ವರ್ಷವಾದರೆ, ಗಬ್ಬ ನಿಂತರೆ, ಮುಂದಿನ ದೀಪಾವಳಿಯ ಹಣತೆಗಳನ್ನು ಹಚ್ಚುವ ಹೊತ್ತಿಗೆ ಆ ಕೊಟ್ಟಿಗೆಯಲ್ಲಿ ಮತ್ತೊಂದು ಕರು ಎದ್ದು ನಿಲ್ಲಲು ತಡವರಿಸುತ್ತಿರುತ್ತದೆ.